ಹಾರುವ ಓತಿಗೆ ಯಾವ ವಾದ್ಯ?

ಮಕ್ಕಳೇ, ಕಥೆಯಲ್ಲಿ ‘ಯಂತ್ರ ಕೂಗಿತು’ ಎಂದಿದ್ದರೆ ನಾವು ಓದಿ ಮುಂದಕ್ಕೆ ಹೋಗಿಬಿಡುತ್ತೇವೆ. ಅದೇ ಕಥೆಗೆ ಸಂಗೀತ ಮಾಡಲು ಕೂತವರಿಗೆ ಪೇಚು. ಯಾರೂ ಕೇಳದ ಸದ್ದನ್ನು ಎಲ್ಲಿಂದ ತರುವುದು?

ಎಚ್. ಜಿ. ವೆಲ್ಸ್ ಅವರ ‘ದ ವಾರ್ ಆಫ್ ದ ವರ್ಲ್ಡ್ಸ್’ ಪುಸ್ತಕವಾಗಿ ಬಂದದ್ದು 1898ರಲ್ಲಿ. ಮಂಗಳ ಗ್ರಹದವರು ಮೂರು ಕಾಲಿನ ಭಾರಿ ಯಂತ್ರಗಳಲ್ಲಿ ಕೂತು ಇಂಗ್ಲೆಂಡಿನ ಮೇಲೆ ಬೀಳುತ್ತಾರೆ. ಸೈನ್ಯಕ್ಕೆ ತಡೆಯಲಾಗದ ಅವರನ್ನು ಕೊನೆಗೆ ಕೊಲ್ಲುವುದು ಬ್ಯಾಕ್ಟೀರಿಯಾ. ಬಿಕೋ ಎನ್ನುವ ಲಂಡನ್ನಿನಲ್ಲಿ ಅವರ ಕೂಗು ಕೇಳಿಸುತ್ತದೆ: ‘ಉಲ್ಲಾ’. 

80 ವರ್ಷಗಳ ಮೇಲೆ, 1978ರಲ್ಲಿ, ಜೆಫ್ ವೇನ್ ಈ ಕಾದಂಬರಿಯನ್ನು ಎರಡು ಎಲ್‌ಪಿ ತಟ್ಟೆಗಳ ಸಂಗೀತ ಮಾಡಿದರು. ಕಥೆ ಹೇಳುವ ದನಿ ನಟ ರಿಚರ್ಡ್ ಬರ್ಟನ್ ಅವರದು. ಪಿಟೀಲುಗಳ ದೊಡ್ಡ ಮೇಳ ಒಂದು ಕಡೆ, ಸಿಂಥಸೈಜರ್ ಇನ್ನೊಂದು ಕಡೆ. ‘ಉಲ್ಲಾ’ಕ್ಕೆ ಮಾತ್ರ ಒಂದು ಚೆಂದದ ಉಪಾಯ. ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಪ್ಲಾಸ್ಟಿಕ್ ಕೊಳವೆಯಿಂದ ಬಾಯಿಯೊಳಕ್ಕೆ ಬಿಡುತ್ತಾರೆ. ನುಡಿಸುವವರು ಗಂಟಲಿನಿಂದ ದನಿ ತೆಗೆಯುವುದಿಲ್ಲ, ‘ಉ’, ‘ಆ’ ಎಂದು ಬಾಯಿಯ ಆಕಾರ ಬದಲಿಸುತ್ತಾರೆ, ಅಷ್ಟೇ. ಮುಂದಿರುವ ಮೈಕು ಅದನ್ನು ಹಿಡಿಯುತ್ತದೆ. ಕೂಗಿದ್ದು ಗಿಟಾರೋ ಮನುಷ್ಯನೋ ತಿಳಿಯದೆ ಮೈ ಜುಮ್ಮೆನ್ನುತ್ತದೆ. ನಮ್ಮ ಸಿನಿಮಾಗಳಲ್ಲಿ ಆಕಾಶನೌಕೆ ಕಂಡ ಕೂಡಲೇ ಬರುವ ಆ ಒಂದೇ ‘ಟೊಯ್ಞ್’ಗಿಂತ ಇದು ಎಷ್ಟೋ ಮೇಲು!

ನಮ್ಮ ದೇಶದಲ್ಲೂ ಇಂಥ ಆಟ ನಡೆದಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು. ಅಲ್ಲಿ ಜಿನ್‌ರಾಜ್ ಜೋಶಿಪುರ ಮಾಡಿದ ಒಂದು ಸಂಗೀತದ ಹೆಸರು ‘ಸ್ಪೇಸ್ ಲೈನರ್ 2001’.

ಈಗ ನಮ್ಮ ಮೂಡಿಗೆರೆಗೆ ಬನ್ನಿ. ಇಲ್ಲಿ ಬದುಕಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರ ಕಾದಂಬರಿ. ವಿಜ್ಞಾನಿಯೊಬ್ಬರು ಜೇನು ಹಿಡಿಯುವ ಮಂದಣ್ಣನ ಜೊತೆ ಹಾರುವ ಓತಿಯನ್ನು ಹುಡುಕಿಕೊಂಡು ಕಾಡು ಹೊಗುವ ಕಥೆ. ಮಂಗಳ ಗ್ರಹದ ಕಥೆಯಲ್ಲ ನಿಜ, ಆದರೆ ಕೋಟ್ಯಂತರ ವರ್ಷಗಳ ಹಿಂದಕ್ಕೆ ಕರೆದುಕೊಂಡು ಹೋಗುವ ಕಥೆ. (ಇನ್ನೂ ಓದದವರು ಮುಂದಿನ ಎರಡು ವಾಕ್ಯ ಬಿಟ್ಟುಬಿಡಿ.) ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಯ ಮೇಲೆ ತೇಲಿ ಹೋಗುತ್ತದೆ. ಆ ಗಳಿಗೆಗೆ ಯಾವ ವಾದ್ಯ?

ಡೋಲು ಆಗದು. ಹಾರುವ ಓತಿ ರೆಕ್ಕೆ ಬಡಿಯುವುದಿಲ್ಲ. ಉದ್ದವಾದ ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ತೇಲುತ್ತದೆ. ಹಾಗಾಗಿ ತಾಳವಿಲ್ಲದ, ಎಳೆದ ಸ್ವರ ಬೇಕು. ಕೊಳಲು ಎನ್ನುತ್ತೀರಾ? ನನಗೇನೋ ಕೊಳಲು ತೀರಾ ಸಾಧು ಅನ್ನಿಸುತ್ತದೆ. ಅಷ್ಟು ಹಳೆಯ ಜೀವಕ್ಕೆ ಇನ್ನೂ ಒರಟಾದ, ಎಲ್ಲಿಂದ ಬಂತೆಂದು ತಿಳಿಯದ ಸದ್ದು ಬೇಕು.

ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪರ್ ಓಡುವಾಗ ದೂರ ನಿಂತು ಅಪ್ಪನ ಮೊಬೈಲಿನಲ್ಲಿ ಸದ್ದು ಹಿಡಿದುಕೊಳ್ಳಿ. ಪಲ್ಪರ್ ಇಲ್ಲದ ಮನೆಯವರಿಗೆ ಜೀರುಂಡೆ ಇದ್ದೇ ಇದೆ. ಅದನ್ನು ಅರ್ಧ ವೇಗದಲ್ಲಿ ಕೇಳಿ. ಸ್ವರ ಬದಲಿಸದೆ ಬರೀ ನಿಧಾನ ಮಾಡುವ ಆ್ಯಪ್‌ಗಳಿವೆ, ಅವು ಬೇಡ. ಹಳೆಯ ಟೇಪಿನಂತೆ ನಿಜವಾಗಿ ನಿಧಾನಿಸಿದರೆ ಸದ್ದು ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಇನ್ನೊಮ್ಮೆ ಅರ್ಧ ಮಾಡಿ. ಆಮೇಲೆ ‘ಕರ್ವಾಲೊ’ದ ಕೊನೆಯ ಪುಟಗಳನ್ನು ಅಮ್ಮನ ಕೈಯಲ್ಲಿ ಗಟ್ಟಿಯಾಗಿ ಓದಿಸಿ, ಹಿಂದೆ ಇದನ್ನು ಮೆಲ್ಲಗೆ ಹಾಕಿ. ಓತಿ ಜಿಗಿಯುವಲ್ಲಿ ಸದ್ದು ಜೋರು ಮಾಡಬೇಕೋ, ಪೂರ್ತಿ ನಿಲ್ಲಿಸಬೇಕೋ? ಎರಡನ್ನೂ ಮಾಡಿ ನೋಡಿ, ನನಗೆ ಬರೆಯಿರಿ.