ಒಂದೇ ವಾರ, ಎರಡು ಸಾವು

2011ರ ಅಕ್ಟೋಬರ್ 5ರಂದು ಆಪಲ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಅವರಿಗೆ 56 ವರ್ಷ. ಸುದ್ದಿ ಹಬ್ಬುತ್ತಿದ್ದಂತೆ ದೇಶದೇಶಗಳ ಆಪಲ್ ಮಳಿಗೆಗಳ ಮುಂದೆ ಜನ ನೆರೆದರು. ಗಾಜಿನ ಗೋಡೆಯ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿದರು. ಕೆಳಗೆ ಹೂವು, ಮೋಂಬತ್ತಿ, ಒಂದು ತುತ್ತು ಕಚ್ಚಿಟ್ಟ ಸೇಬು. ಸಂತಾಪ ತಿಳಿಸಲೆಂದು ಕಂಪನಿ ಕೊಟ್ಟ ಇ-ಮೇಲ್ ವಿಳಾಸಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಪತ್ರ ಬಂದವು. ಒಬ್ಬ ಉದ್ಯಮಿಗಾಗಿ ಗುರುತುಪರಿಚಯವಿಲ್ಲದವರು ಇಷ್ಟೊಂದು ಮರುಗುವುದು ಅಪರೂಪ, ಆ ದುಃಖ ನಿಜವಾದದ್ದೇ. ಅದಾಗಿ ವಾರಕ್ಕೆ, ಅಕ್ಟೋಬರ್ 12ರಂದು, ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಡೆನ್ನಿಸ್ ರಿಚಿ ಶವವಾಗಿ ಪತ್ತೆಯಾದರು. ಒಂಟಿ ಜೀವ, ವಯಸ್ಸು 70. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದವರು, ಕೆನ್ ಥಾಂಪ್ಸನ್ ಜತೆಗೂಡಿ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿದವರು ಅವರು. ಜಾಬ್ಸ್ ಕೈಯಲ್ಲಿ ಹಿಡಿದು ಲೋಕಕ್ಕೆ ತೋರಿಸಿದ ಐಫೋನಿನ ತಂತ್ರಾಂಶದ ಬೇರು ಕೂಡ ಅದೇ ಯೂನಿಕ್ಸ್‌ನಲ್ಲಿದೆ! ರಿಚಿಯವರ ಹಳೆಯ ಸಹೋದ್ಯೋಗಿ ರಾಬ್ ಪೈಕ್ ಗೂಗಲ್ ಪ್ಲಸ್‌ನಲ್ಲಿ ಬರೆದ ಪುಟ್ಟ ಟಿಪ್ಪಣಿಯಿಂದ ಸಾವಿನ ವಿಷಯ ಹೊರಬಿತ್ತು. ಪ್ರೋಗ್ರಾಮರುಗಳು ಕಣ್ಣೀರಿಟ್ಟರು, ಉಳಿದವರಿಗೆ ಹೆಸರೇ ಗೊತ್ತಿರಲಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಷ್ಟೋ ತಲೆಮಾರಿನ ಮಕ್ಕಳು ಪ್ರೋಗ್ರಾಮಿಂಗ್ ಕಲಿತದ್ದು ಸಿ ಭಾಷೆಯಿಂದಲೇ. ಅದನ್ನು ಪಾಠ ಮಾಡುವ ಮೇಷ್ಟ್ರುಗಳು ಮೊದಲ ತರಗತಿಯಲ್ಲಿ ಐದು ನಿಮಿಷವಾದರೂ ರಿಚಿಯವರ ಬಗ್ಗೆ ಮಾತಾಡಲಿ.