ಹೆಬ್ಬೆಟ್ಟು ಒತ್ತುವ ಮುನ್ನ



ಅಮೇರಿಕಾದಲ್ಲಿ ಉಣುಗು ಕಚ್ಚಿ ಲೈಮ್ ಎಂಬ ಕಾಯಿಲೆ ಬರುತ್ತದೆ. ಅದರ ಮೊದಲ ಲಸಿಕೆಯ ದೊಡ್ಡ ಪರೀಕ್ಷೆಗೆ 10,936 ಮಂದಿ ಸ್ವಇಚ್ಛೆಯಿಂದ ತೋಳು ಕೊಟ್ಟರು. ಅರ್ಧ ಜನರಿಗೆ ಲಸಿಕೆ, ಉಳಿದವರಿಗೆ ಔಷಧವಿಲ್ಲದ ಸೂಜಿ. ಹೀಗೆ ಹೋಲಿಸಿ ನೋಡಿದ ಮೇಲೆ 1998ರಲ್ಲಿ ಅನುಮತಿ ದೊರೆಯಿತು. ಕೊಳ್ಳುವವರು ಕಡಿಮೆಯೆಂದು 2002ರಲ್ಲಿ ಕಂಪೆನಿ ಅದನ್ನು ನಿಲ್ಲಿಸಿತು.

2022ರಲ್ಲಿ ಹೊಸ ಲಸಿಕೆಯ ಪರೀಕ್ಷೆಗೆ ಮತ್ತೆ ಸಾವಿರಾರು ಮಂದಿ ಮುಂದೆ ಬಂದರು. ಕೆಲವು ಕಡೆ ಪರೀಕ್ಷೆ ನಡೆಸಲು ಗುತ್ತಿಗೆ ಹಿಡಿದವರು ನಿಯಮ ಪಾಲಿಸಲಿಲ್ಲವೆಂದು 2023ರಲ್ಲಿ ಅಮೇರಿಕಾದವರಲ್ಲಿ ಸುಮಾರು ಅರ್ಧ ಜನರನ್ನು ಕೈಬಿಟ್ಟರು. ತೋಳು ಕೊಟ್ಟವರ ತಪ್ಪೇನೂ ಇರಲಿಲ್ಲ.

ನಮಗೇಕೆ ಈ ಮಾತು? ಉಣುಗು ತರುವ ಮಂಗನ ಕಾಯಿಲೆ 2015ರಲ್ಲಿ ನಮ್ಮ ವಯನಾಡಿನಲ್ಲಿಯೂ ಜೀವಗಳನ್ನು ತೆಗೆದಿದೆ. ನಾಳೆ ನಮ್ಮ ಲೈನ್ ಮನೆಗಳಿಗೂ ಪರೀಕ್ಷೆಗೆ ಜನ ಕೇಳಿಕೊಂಡು ಬರಬಹುದು. ಹೆದರಿ ಬಾಗಿಲು ಹಾಕಬೇಡಿ, ಯಾರಾದರೂ ಒಪ್ಪದಿದ್ದರೆ ಔಷಧವೇ ಹುಟ್ಟದು. ಆದರೆ ಮೇಸ್ತ್ರಿ ಹೇಳಿದನೆಂದು ಹೆಬ್ಬೆಟ್ಟು ಒತ್ತಲೂ ಬೇಡಿ. ಭಾರತ ಸರ್ಕಾರದ 2019ರ ನಿಯಮದಂತೆ ನಮಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಬೇಕು. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ಬೇಡವೆನಿಸಿದಾಗ ಬಿಟ್ಟು ಬರಲೂ ಹಕ್ಕಿದೆ.

ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಿರಿ. ಹೇಳದಿದ್ದರೆ ಸಹಿ ಹಾಕಬೇಡಿ.