ಮೈ ಕಾಯುವುದೂ ಒಂದು ಧರ್ಮ

ಪರೀಕ್ಷೆ ಹತ್ತಿರವಾದಂತೆ ರಾಜಾಜಿನಗರ, ವಿಜಯನಗರಗಳ ಅದೆಷ್ಟೋ ಮನೆಗಳಲ್ಲಿ ನಡುರಾತ್ರಿಯಾದರೂ ದೀಪ ಆರುವುದಿಲ್ಲ. ಎಸ್ಸೆಸ್ಸೆಲ್ಸಿಯ ಹುಡುಗ ಕಾಫಿ ಕುಡಿದು ನಿದ್ದೆ ತಡೆಯುತ್ತಾನೆ. ಪಿಯುಸಿಯ ಹುಡುಗಿ ತಿಂಡಿ ಬಿಟ್ಟು ಟ್ಯೂಷನ್ನಿಗೆ ಓಡುತ್ತಾಳೆ. ‘ಇನ್ನೆರಡು ತಿಂಗಳು ತಾನೆ, ಆಮೇಲೆ ಮಲಗಿದರಾಯಿತು’ ಎಂದು ಹೆತ್ತವರು ಸಮಾಧಾನ ಹೇಳುತ್ತಾರೆ. ವಿದ್ಯೆಗಾಗಿ ಮೈ ದಂಡಿಸುವುದೇ ತಪಸ್ಸು ಎಂದು ಎಲ್ಲರೂ ನಂಬಿದಂತಿದೆ. ಆದರೆ ಓದನ್ನೇ ಉಸಿರಾಗಿಸಿಕೊಂಡ ಯಹೂದಿಗಳ ಪರಂಪರೆ ಬೇರೆಯದೇ ಮಾತು ಹೇಳುತ್ತದೆ.

ಬೆಂಗಳೂರಿಗೆ ಯಹೂದಿಗಳು ಅಪರಿಚಿತರೇನಲ್ಲ. ಕೆಂಗೇರಿಯತ್ತ ಸಾಗುವ ಮೈಸೂರು ರಸ್ತೆಯಲ್ಲಿ 1904ರಷ್ಟು ಹಳೆಯದಾದ ಅವರ ಪುಟ್ಟ ಸ್ಮಶಾನವೊಂದಿದೆ. ಸತ್ತವರ ದೇಹವನ್ನು ತೊಳೆದು, ಸರಳವಾದ ಬಿಳಿ ಬಟ್ಟೆ ಉಡಿಸಿ ಮಣ್ಣು ಮಾಡುವುದು ಅವರ ಪದ್ಧತಿ. ದೇಹ ದೇವರು ನಂಬಿ ಕೊಟ್ಟ ಇಡುಗಂಟು. ಸತ್ತಾಗಲೇ ಅದಕ್ಕೆ ಇಷ್ಟು ಗೌರವವಾದರೆ, ಬದುಕಿರುವಾಗ ಕಾಪಾಡುವುದು ಇನ್ನೂ ದೊಡ್ಡ ಕರ್ತವ್ಯ.

ಎರಡು ಸಾವಿರ ವರ್ಷಗಳ ಹಿಂದಿನ ಗುರು ಹಿಲ್ಲೆಲ್ ಅವರ ಕಥೆಯೊಂದಿದೆ. ಪಾಠ ಮುಗಿಸಿ ಹೊರಟ ಅವರನ್ನು ಶಿಷ್ಯರು ‘ಎಲ್ಲಿಗೆ?’ ಎಂದು ಕೇಳಿದರಂತೆ. ‘ಪುಣ್ಯಕಾರ್ಯಕ್ಕೆ, ಸ್ನಾನ ಮಾಡಲು’ ಎಂದರು ಗುರುಗಳು. ಶಿಷ್ಯರಿಗೆ ಅಚ್ಚರಿ. ಅರಸನ ಪ್ರತಿಮೆಯನ್ನು ತೊಳೆಯುವ ಆಳಿಗೇ ಸಂಬಳವೂ ಮರ್ಯಾದೆಯೂ ಉಂಟು. ದೇವರ ರೂಪದಲ್ಲಿ ಹುಟ್ಟಿದ ಮನುಷ್ಯ ತನ್ನ ಮೈಯನ್ನು ಇನ್ನೆಷ್ಟು ಜೋಪಾನ ಮಾಡಬೇಕು ಎಂದು ಅವರು ವಿವರಿಸಿದರು.

ದೇಹವನ್ನು ಗುಡಿಯಾಗಿ ಕಂಡ ಬಸವಣ್ಣನವರು ಬಾಳಿದ ಹನ್ನೆರಡನೇ ಶತಮಾನದಲ್ಲೇ, ಈಜಿಪ್ಟಿನಲ್ಲಿ ಮೈಮಾನಿಡೀಸ್ ಎಂಬ ಮಹಾಪಂಡಿತರಿದ್ದರು. ಅವರು ವೈದ್ಯರೂ ಹೌದು. ಹಸಿದಾಗ ಮಾತ್ರ ಉಣ್ಣು, ಹೊಟ್ಟೆ ಬಿರಿಯುವ ಮೊದಲೇ ಕೈತೊಳೆ, ಊಟಕ್ಕೆ ಮುಂಚೆ ಮೈ ಬೆವರಲಿ, ದಿನದ 24 ಗಂಟೆಯಲ್ಲಿ 8 ಗಂಟೆ ನಿದ್ದೆ ಮಾಡು ಎಂದು ಅವರು ಧರ್ಮಶಾಸ್ತ್ರದ ಗ್ರಂಥದಲ್ಲೇ ಬರೆದರು. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೆ ನಿದ್ದೆ ಬೇಕೇ ಬೇಕು. ನಿದ್ದೆಗೆಟ್ಟವನು ಓದಿದ್ದನ್ನೂ ಕಳೆದುಕೊಳ್ಳುತ್ತಾನೆ.

ಹೆತ್ತವರಿಗೂ ಇಲ್ಲಿ ಪಾಠವಿದೆ. ಹೊಸ ಮನೆ ಕಟ್ಟಿದವನು ಯಾರೂ ಬಿದ್ದು ಸಾಯದಂತೆ ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕೆಂದು ಅವರ ಧರ್ಮಗ್ರಂಥ ವಿಧಿಸುತ್ತದೆ. ಆಷಾಢದ ಗಾಳಿಗೆ ಗಾಳಿಪಟ ಹಿಡಿದು ಮಕ್ಕಳು ತಾರಸಿ ಏರುವ ಊರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಗನಿಗೆ ಶಾಸ್ತ್ರ ಮತ್ತು ಕಸುಬು ಕಲಿಸುವುದು ತಂದೆಯ ಹೊಣೆ ಎನ್ನುವ ತಾಲ್ಮುದ್, ಈಜು ಕಲಿಸುವುದೂ ಸೇರಬೇಕೆಂಬ ಕೆಲವು ಗುರುಗಳ ಮಾತನ್ನು ದಾಖಲಿಸಿದೆ. ಸ್ಕೂಟರಿನ ಹಿಂದೆ ಹೆಲ್ಮೆಟ್ ಇಲ್ಲದ ಮಗುವನ್ನು ಕೂರಿಸಿಕೊಂಡು ಶಾಲೆಯ ಗಂಟೆಗೆ ಧಾವಿಸುವವರು ಇದನ್ನು ನೆನೆಯಬೇಕು. ಐದು ನಿಮಿಷ ತಡವಾದರೆ ಹೋಗುವುದು ಹಾಜರಿ ಮಾತ್ರ.

ಜೀವ ಉಳಿಸಲು ಪವಿತ್ರ ಸಬ್ಬತ್ತಿನ ನಿಯಮವನ್ನೂ ಮುರಿಯಬೇಕು ಎನ್ನುತ್ತದೆ ಅದೇ ತಾಲ್ಮುದ್. ಉಪವಾಸದ ಮಹಾದಿನದಂದು ರೋಗಿ ‘ಊಟ ಬೇಕು’ ಎಂದರೆ, ವೈದ್ಯ ಬೇಡವೆಂದರೂ ರೋಗಿಯ ಮಾತಿಗೇ ಬೆಲೆ. ತನ್ನ ನೋವು ತನಗೇ ಗೊತ್ತು. ‘ತಲೆನೋವು, ಕಣ್ಣು ಉರಿ’ ಎನ್ನುವ ಮಗಳಿಗೆ ‘ಓದು ತಪ್ಪಿಸಲು ನೆಪ’ ಎಂದು ಗದರುವ ಮೊದಲು ಅಪ್ಪ, ಅಮ್ಮ ಒಂದು ಗಳಿಗೆ ಯೋಚಿಸುವುದು ಒಳ್ಳೆಯದು.

ಇದೆಲ್ಲ ಹೇಳಿದಷ್ಟು ಸುಲಭವಲ್ಲ. 1199ರಲ್ಲಿ ಬರೆದ ಪತ್ರದಲ್ಲಿ ಮೈಮಾನಿಡೀಸರು ತಮ್ಮ ದಿನಚರಿ ತಿಳಿಸಿದ್ದಾರೆ. ಅರಮನೆಯ ಕೆಲಸ ಮುಗಿಸಿ ಹಸಿದು ಮನೆಗೆ ಬಂದರೆ ಬಾಗಿಲಲ್ಲಿ ರೋಗಿಗಳ ಸಾಲು. ದಿನಕ್ಕೆ ಒಂದೇ ಊಟ. ರಾತ್ರಿಯ ಹೊತ್ತಿಗೆ ಮಾತನಾಡಲೂ ಆಗದಷ್ಟು ದಣಿವು. ನಿಯಮ ಬರೆದವರಿಗೇ ಅದು ಕಷ್ಟವಾಗಿತ್ತು. ಹದಿನಾರರ ಹುಡುಗ ಒಬ್ಬನೇ ಪಾಲಿಸಲಿ ಎಂದರೆ ಹೇಗೆ? ಹತ್ತು ಗಂಟೆಗೆ ಮನೆಯ ಟಿ.ವಿ., ಮೊಬೈಲು ಎಲ್ಲ ಆರಲಿ. ಮಕ್ಕಳೊಂದಿಗೆ ಹಿರಿಯರೂ ಮಲಗಲಿ.